ಎಳೆ ಹರಿದರೆ ನಿಲ್ಲುವ ಮಗ್ಗ

ಜಪಾನಿಗೆ ಹೊರಟವರ ಪಟ್ಟಿಯಲ್ಲಿ ನಗೋಯಾ ಇರುವುದು ಅಪರೂಪ. ಟೋಕಿಯೊ, ಫೂಜಿ ಪರ್ವತ, ಕ್ಯೋಟೊ, ಹಿರೋಶಿಮಾ ನೋಡಿದರೆ ಜಪಾನ್ ಮುಗಿಯಿತು ಎನ್ನುವವರೇ ಹೆಚ್ಚು. ಟೋಕಿಯೊದಿಂದ ಕ್ಯೋಟೊಗೆ ಓಡುವ ಶಿಂಕಾನ್ಸೆನ್ ರೈಲು ನಗೋಯಾದಲ್ಲಿ ನಿಂತೇ ಮುಂದೆ ಹೋಗುತ್ತದೆ, ಆದರೂ ಪ್ರವಾಸಿಗರು ಇಳಿಯುವುದಿಲ್ಲ. ನಾನು ಮಾತ್ರ ಈ ಊರಿಗೆಂದೇ ಹೊರಟು ಬಂದಿದ್ದೆ. ಬೆಳಿಗ್ಗೆ ನಿಂತೇ ನಡೆಸುವ ಸಭೆಯಾದ ಸ್ಟ್ಯಾಂಡ್‌ಅಪ್, ಗೋಡೆಯ ಮೇಲೆ ಕೆಲಸದ ಚೀಟಿಗಳ ಒಂದು ಕಾನ್‌ಬಾನ್ ಬೋರ್ಡು, ಎರಡು ವಾರಕ್ಕೊಂದು ಸ್ಪ್ರಿಂಟ್ ಎಂಬ ಕೆಲಸದ ಕಂತು, ಅದು ಮುಗಿದ ಮೇಲೆ ರೆಟ್ರೊ ಎಂಬ ಹಿನ್ನೋಟದ ಸಭೆ: ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿಗಳಲ್ಲಿ ದುಡಿಯುವ ನನ್ನಂಥ ಸಾವಿರಾರು ಜನರ ದಿನಚರಿ ಇದು. ಇದನ್ನು ನಾವು ಅಜೈಲ್ ಎನ್ನುತ್ತೇವೆ, ಅಮೆರಿಕದಿಂದ ಬಂದದ್ದು ಎಂದುಕೊಂಡಿದ್ದೇವೆ. ಅದರ ತಾಯಿಬೇರುಗಳಲ್ಲೊಂದು ನಗೋಯಾದ ಮಣ್ಣಿನಲ್ಲಿದೆ. ಆ ಬೇರನ್ನು ಕಣ್ಣಾರೆ ನೋಡಬೇಕೆಂಬ ಆಸೆ ಬಹಳ ದಿನದಿಂದ ಇತ್ತು.

ನಗೋಯಾದ ಮುಖ್ಯ ನಿಲ್ದಾಣದಿಂದ ಮೆಯಿತೆತ್ಸು ರೈಲು ಹತ್ತಿದರೆ ಮುಂದಿನ ನಿಲ್ದಾಣವೇ ಸಾಕೊ. ಇಳಿದು ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಕೆಂಪು ಇಟ್ಟಿಗೆಯ ಉದ್ದನೆಯ ಗೋಡೆ ಕಾಣುತ್ತದೆ. 1911ರಲ್ಲಿ ಮಗ್ಗಗಳ ಸಂಶೋಧಕ ಸಾಕಿಚಿ ಟೊಯೊಡಾ ತನ್ನ ಮಗ್ಗಗಳ ಪ್ರಯೋಗಕ್ಕೆಂದು ಕಾರ್ಖಾನೆ ಕಟ್ಟಿಸಿದ್ದು ಇದೇ ಜಾಗದಲ್ಲಿ. 1994ರಿಂದ ಅದು ಟೊಯೊಟಾ ಸಮೂಹದ ಉದ್ಯಮ ಮತ್ತು ತಂತ್ರಜ್ಞಾನ ವಸ್ತುಸಂಗ್ರಹಾಲಯ. ಕಾರಿನ ಮ್ಯೂಸಿಯಂ ಎಂದುಕೊಂಡು ಒಳಗೆ ಕಾಲಿಟ್ಟವರಿಗೆ ಮೊದಲು ಎದುರಾಗುವುದು ಕಾರಲ್ಲ. ವಿಶಾಲವಾದ ಪಡಸಾಲೆಯ ನಡುವೆ ಒಂದು ವೃತ್ತಾಕಾರದ ಮಗ್ಗ ನಿಂತಿದೆ. ಸಾಕಿಚಿ ಅದನ್ನು ಕಲ್ಪಿಸಿದ್ದು 1906ರಲ್ಲಿ. ಲಾಳಿ ಎಡಬಲಕ್ಕೆ ಬಡಿದಾಡುವ ಬದಲು ಹೊಕ್ಕಿನ ನೂಲು ಸುತ್ತುತ್ತಲೇ ಸಾಗುತ್ತದೆ, ಬಟ್ಟೆ ಕೊಳವೆಯಂತೆ ಏಳುತ್ತದೆ. ಒಂದು ಶತಮಾನದ ಹಿಂದಿನ ಆ ಕನಸನ್ನು ನೋಡುತ್ತಾ ನಿಂತವರಿಗೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ.

ಸಾಕಿಚಿ ಹುಟ್ಟಿದ್ದು 1867ರಲ್ಲಿ, ಈಗಿನ ಶಿಜುಒಕಾ ಪ್ರಾಂತ್ಯದ ಒಂದು ಹಳ್ಳಿಯಲ್ಲಿ. ಅಪ್ಪ ಬಡಗಿ, ಅಮ್ಮ ಮನೆಯ ಮಗ್ಗದಲ್ಲಿ ನೇಯುತ್ತಿದ್ದವಳು. ಅವಳ ದಣಿವನ್ನು ಕಂಡೇ ಬೆಳೆದ ಹುಡುಗ 1890ರಲ್ಲಿ ಒಂದೇ ಕೈಯಲ್ಲಿ ನಡೆಸಬಹುದಾದ ಮರದ ಮಗ್ಗ ಮಾಡಿದ. 1896ರಲ್ಲಿ ಯಂತ್ರಬಲದಿಂದ ಓಡುವ ಮಗ್ಗ. 1924ರಲ್ಲಿ ಜಿ ಮಾದರಿಯ ಸ್ವಯಂಚಾಲಿತ ಮಗ್ಗ. ಜವಳಿ ಯಂತ್ರಗಳ ದೊಡ್ಡ ಹಜಾರದಲ್ಲಿ ಇವೆಲ್ಲ ಸಾಲಾಗಿ ನಿಂತಿವೆ. ಬಹಳಷ್ಟು ಯಂತ್ರಗಳು ಗಾಜಿನ ಹಿಂದೆ ಸತ್ತು ಮಲಗಿಲ್ಲ. ಕೇಳಿದರೆ ಸಿಬ್ಬಂದಿ ಬಂದು ಓಡಿಸಿ ತೋರಿಸುತ್ತಾರೆ.

ಸಮವಸ್ತ್ರ ತೊಟ್ಟ ಮಾರ್ಗದರ್ಶಕಿಯೊಬ್ಬರು ಮೊದಲು ಒಂದು ಹತ್ತಿಕಾಯಿ ಬಿಡಿಸಿ, ಬೆರಳಲ್ಲೇ ಎಳೆದು, ಹುರಿ ಕೊಟ್ಟು ನೂಲು ಮಾಡಿ ತೋರಿಸಿದರು. ಆಮೇಲೆ ಜಿ ಮಾದರಿಯ ಮಗ್ಗದ ಬಳಿಗೆ ಕರೆದುಕೊಂಡು ಹೋಗಿ ಗುಂಡಿ ಒತ್ತಿದರು. ಗುಳೇದಗುಡ್ಡದಲ್ಲಿ ಖಣ ನೇಯುವ ಕೈಮಗ್ಗದ ಲಯಬದ್ಧ ಸದ್ದು ನನಗೆ ಗೊತ್ತು. ಇದು ಆ ಸದ್ದನ್ನು ಹತ್ತು ಪಟ್ಟು ಮಾಡಿ ಎದೆಗೆ ಬಡಿದಂತಿತ್ತು. ಲಾಳಿ ಕಣ್ಣಿಗೆ ಕಾಣದಷ್ಟು ಜೋರಾಗಿ ಓಡುತ್ತಿದೆ. ಲಾಳಿಯ ನೂಲು ತೀರುವ ಮೊದಲೇ ಹೊಸ ಲಾಳಿ ತಾನಾಗಿ ಬಂದು ಕೂರುತ್ತದೆ, ಮಗ್ಗದ ವೇಗ ಒಂದಿಷ್ಟೂ ತಗ್ಗುವುದಿಲ್ಲ. ಇದೇ ಒಂದು ಬೆರಗು ಎಂದುಕೊಳ್ಳುತ್ತಿರುವಾಗ ಆಕೆ ಹಾಸಿನ ಸಾವಿರಾರು ಎಳೆಗಳಲ್ಲಿ ಒಂದೇ ಒಂದನ್ನು ಕತ್ತರಿಸಿದರು.

ಮಗ್ಗ ನಿಂತಿತು.

ಹಜಾರದಲ್ಲಿ ಒಮ್ಮೆಲೇ ಮೌನ. ಆಕೆ ಬಗ್ಗಿ ತೋರಿಸಿದ ಕಡೆ ನೋಡಿದೆ. ಹಾಸಿನ ಪ್ರತಿಯೊಂದು ಎಳೆಯೂ ಒಂದೊಂದು ತೆಳ್ಳನೆಯ ಲೋಹದ ಪಟ್ಟಿಯನ್ನು ಎತ್ತಿ ಹಿಡಿದಿದೆ. ಎಳೆ ಬಿಗಿಯಾಗಿರುವ ತನಕ ಪಟ್ಟಿ ಮೇಲಿರುತ್ತದೆ. ಎಳೆ ಹರಿದೊಡನೆ ಪಟ್ಟಿ ಕೆಳಗೆ ಬೀಳುತ್ತದೆ, ಬಿದ್ದ ಪಟ್ಟಿ ಚಲನೆಯನ್ನು ತಡೆಯುತ್ತದೆ. ಅದರಲ್ಲಿ ವಿದ್ಯುನ್ಮಾನವೂ ಇಲ್ಲ, ಲೆಕ್ಕಾಚಾರವೂ ಇಲ್ಲ. ಭೂಮಿಯ ಗುರುತ್ವಾಕರ್ಷಣೆಯೇ ಅಲ್ಲಿ ತಪಾಸಣೆ ಮಾಡುವ ಅಧಿಕಾರಿ.

ಇದರಿಂದ ಏನಾಯಿತು? ಮೊದಲು ಎಳೆ ಹರಿದದ್ದನ್ನು ನೋಡಲೆಂದೇ ಪ್ರತಿ ಮಗ್ಗದ ಮುಂದೆ ಒಬ್ಬರು ಕಣ್ಣಿಟ್ಟು ಕಾಯಬೇಕಿತ್ತು. ಅವರ ಕಣ್ಣು ತಪ್ಪಿದರೆ ಮಗ್ಗ ತನ್ನ ಪಾಡಿಗೆ ದೋಷದ ಬಟ್ಟೆಯನ್ನು ಗಜಗಟ್ಟಲೆ ನೇಯುತ್ತಾ ಹೋಗುತ್ತಿತ್ತು. ಈ ಮಗ್ಗ ಬಂದ ಮೇಲೆ ಒಬ್ಬಳೇ ಕೆಲಸಗಾರ್ತಿ ಮೂವತ್ತಕ್ಕೂ ಹೆಚ್ಚು ಮಗ್ಗಗಳನ್ನು ನೋಡಿಕೊಳ್ಳುವಂತಾಯಿತು, ನಿಂತ ಮಗ್ಗದ ಬಳಿಗೆ ಹೋದರೆ ಸಾಕಿತ್ತು. ಗುಣಮಟ್ಟವನ್ನು ಕೊನೆಯಲ್ಲಿ ಪರೀಕ್ಷಿಸುವ ಬದಲು ನೇಯ್ಗೆಯೊಳಗೇ ಹಾಸುಹೊಕ್ಕಾಗಿಸಿದ ಉಪಾಯ ಇದು. ನಾವು ಆಟೊಮೇಟೆಡ್ ಟೆಸ್ಟ್, ಕಂಟಿನ್ಯೂಯಸ್ ಇಂಟಿಗ್ರೇಷನ್ ಎಂದು ಕರೆಯುವುದರ ತಿರುಳೂ ಇದೇ. ಎಲ್ಲರ ಕೋಡ್ ಸೇರಿಸಿ ಕಟ್ಟಿದ ಬಿಲ್ಡ್ ಒಡೆದರೆ ಮುಂದಿನ ಕೋಡ್ ಸೇರಿಸುವುದನ್ನು ನಿಲ್ಲಿಸು, ಮೊದಲು ಹರಿದ ಎಳೆಯನ್ನು ಕಟ್ಟು.

1929ರಲ್ಲಿ ಈ ಮಗ್ಗದ ಪೇಟೆಂಟ್ ಹಕ್ಕನ್ನು ಇಂಗ್ಲೆಂಡಿನ ಲಂಕಾಷೈರ್ ಪ್ರಾಂತ್ಯದ ಓಲ್ಡಮ್ ಪಟ್ಟಣದ ಪ್ಲಾಟ್ ಬ್ರದರ್ಸ್ ಕಂಪನಿಗೆ 1,00,000 ಪೌಂಡಿಗೆ ಕೊಡುವ ಒಪ್ಪಂದವಾಯಿತು. ಲಂಕಾಷೈರಿನ ಯಂತ್ರಗಳನ್ನು ನೋಡಿ ಜಗತ್ತೆಲ್ಲ ಕಲಿಯುತ್ತಿದ್ದ ಕಾಲದಲ್ಲಿ ಅದೇ ಲಂಕಾಷೈರು ಒಬ್ಬ ಬಡಗಿಯ ಮಗನ ಯಂತ್ರವನ್ನು ಕೊಂಡಿತು. ಮರುವರ್ಷ ಸಾಕಿಚಿ ತೀರಿಕೊಂಡರು. ಮಗ ಕಿಯಿಚಿರೊ ಮಗ್ಗದ ಕಂಪನಿಯೊಳಗೇ ಕಾರಿನ ಪ್ರಯೋಗಕ್ಕೆ ತೊಡಗಿ 1937ರಲ್ಲಿ ಟೊಯೊಟಾ ಮೋಟಾರ್ ಕಂಪನಿಯನ್ನು ಸ್ಥಾಪಿಸಿದರು. ಬೇಕಾದದ್ದು, ಬೇಕಾದ ಹೊತ್ತಿಗೆ, ಬೇಕಾದಷ್ಟೇ ಎಂಬ ನಿಯಮ ಅವರದು.

ಕಾರಿನ ಹಜಾರ ನೋಡಿ ಮುಗಿಸಿದ ಮೇಲೂ ನನ್ನ ಮನಸ್ಸು ಮಗ್ಗದ ಬಳಿಯೇ ಇತ್ತು. ಹಾಗೆ ಮಗ್ಗದ ಸೆಳೆತಕ್ಕೆ ಸಿಕ್ಕವರಲ್ಲಿ ದೊಡ್ಡ ಹೆಸರು ತಾಯಿಚಿ ಓನೊ ಅವರದು. ಟೊಯೊಡಾ ನೂಲಿನ ಗಿರಣಿಗೆ 1932ರಲ್ಲಿ ಸೇರಿದ ಓನೊ 1943ರಲ್ಲಿ ಕಾರಿನ ಕಂಪನಿಗೆ ಬಂದರು. ಗಿರಣಿಯಲ್ಲಿ ಒಬ್ಬಳು ಹತ್ತಾರು ಮಗ್ಗ ನೋಡಿಕೊಳ್ಳುತ್ತಿರುವಾಗ, ಇಲ್ಲಿ ಒಬ್ಬ ಒಂದೇ ಯಂತ್ರಕ್ಕೆ ಕಟ್ಟುಬಿದ್ದಿರುವುದೇಕೆ ಎಂಬ ಪ್ರಶ್ನೆಯಿಂದ ಅವರ ಕೆಲಸ ಆರಂಭವಾಯಿತು. ಅಮೆರಿಕದ ಸೂಪರ್ ಮಾರ್ಕೆಟ್ಟುಗಳ ಕಪಾಟೂ ಅವರಿಗೆ ಪಾಠ ಹೇಳಿತು. ಗಿರಾಕಿ ತೆಗೆದುಕೊಂಡಷ್ಟನ್ನು ಮಾತ್ರ ಕಪಾಟಿಗೆ ಮತ್ತೆ ತುಂಬುತ್ತಾರೆ. ಕಾರ್ಖಾನೆಯಲ್ಲೂ ಮುಂದಿನ ಹಂತದವರು ಕೇಳಿದಷ್ಟನ್ನು ಮಾತ್ರ ಹಿಂದಿನ ಹಂತದವರು ಮಾಡಲಿ ಎಂದು ಓನೊ ಒಂದು ಚೀಟಿಯ ಪದ್ಧತಿ ತಂದರು. ಚೀಟಿ ಬಾರದೆ ಕೆಲಸ ಶುರುವಾಗದು. ಆ ಚೀಟಿಯೇ ಕಾನ್‌ಬಾನ್.

ಮರುದಿನ ಹೋದದ್ದು ಟೊಯೊಟಾ ನಗರಕ್ಕೆ. ಒಂದು ಕಾಲಕ್ಕೆ ಅದು ರೇಷ್ಮೆಗೆ ಹೆಸರಾದ ಕೊರೊಮೊ ಎಂಬ ಊರು. 1959ರಲ್ಲಿ ಆ ಊರು ಕಂಪನಿಯ ಹೆಸರನ್ನೇ ತನಗೆ ಇಟ್ಟುಕೊಂಡಿತು. ಮಾಗಡಿ ಕಡೆಯ ಗೆಳೆಯರೊಬ್ಬರು ಅಲ್ಲಿಗೆ ಹತ್ತಿರದಲ್ಲಿ ಬಿಡಿಭಾಗ ತಯಾರಿಸುವ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್. ಅವರೇ ಜೊತೆಗೆ ಬಂದರು. ಟೊಯೊಟಾ ಕೈಕಾನ್ ಎಂಬ ಪ್ರದರ್ಶನ ಭವನದಿಂದ ಬಸ್ಸಿನಲ್ಲಿ ಕಾರ್ಖಾನೆಗೆ ಕರೆದೊಯ್ದರು. ಮುಂಗಡ ಕಾದಿರಿಸಬೇಕಿತ್ತು, ಶುಲ್ಕವಿರಲಿಲ್ಲ, ಒಳಗೆ ಫೋಟೊ ತೆಗೆಯುವಂತಿರಲಿಲ್ಲ.

ಎತ್ತರದ ನಡೆದಾರಿಯಿಂದ ಕೆಳಗೆ ನೋಡಿದರೆ ಜೋಡಣೆಯ ಸಾಲು ನಿಧಾನವಾಗಿ ಹರಿಯುತ್ತಿದೆ. ಒಂದರ ಹಿಂದೆ ಒಂದರಂತೆ ಬರುವ ಕಾರುಗಳು ಒಂದೇ ಬಗೆಯವಲ್ಲ. ಬಣ್ಣ ಬೇರೆ, ಮಾದರಿ ಬೇರೆ. ಒಂದು ಕಾರಿಗೆ ಸುಮಾರು 30,000 ಬಿಡಿಭಾಗ. ಸರಿಯಾದ ಕಾರು ಬರುವ ಹೊತ್ತಿಗೆ ಅದಕ್ಕೆ ಸಲ್ಲುವ ಭಾಗ ಕೆಲಸಗಾರನ ಕೈಗೆ ಸಿಕ್ಕಿರುತ್ತದೆ. ಪಕ್ಕದಲ್ಲಿ ರಾಶಿ ಇಲ್ಲ, ಗೋದಾಮಿಲ್ಲ. ಸಣ್ಣ ಗಾಡಿಗಳು ಚಾಲಕರಿಲ್ಲದೆ ಬಂದು ಕೊಟ್ಟು ಹೋಗುತ್ತವೆ.

ಅಷ್ಟರಲ್ಲಿ ಒಂದು ಪುಟ್ಟ ಸಂಗೀತ ಕೇಳಿಸಿತು. ತಲೆಯ ಮೇಲಿನ ದೊಡ್ಡ ಫಲಕದಲ್ಲಿ ಒಂದು ಅಂಕಿ ಹಳದಿಯಾಗಿ ಹೊಳೆಯಿತು. ಕೆಳಗೆ ಒಬ್ಬ ಹುಡುಗ, ಇಪ್ಪತ್ತರ ಆಸುಪಾಸಿನವನು, ಸಾಲಿನುದ್ದಕ್ಕೂ ತೂಗಿಬಿಟ್ಟ ಹಗ್ಗವನ್ನು ಎಳೆದು ಕಾರಿನ ಬಾಗಿಲಿನತ್ತ ಬಗ್ಗಿದ್ದ. ನೋಡನೋಡುತ್ತಿದ್ದಂತೆ ತಂಡದ ಮುಂದಾಳು ಓಡಿಬಂದರು. ಇಬ್ಬರೂ ಒಂದು ತಿರುಪನ್ನು ನೋಡಿದರು, ಏನೋ ಬದಲಿಸಿದರು. ಮುಂದಾಳು ಮತ್ತೆ ಹಗ್ಗ ಎಳೆದರು, ಹಳದಿ ಆರಿತು. ಕಾರು ತನ್ನ ಗೆರೆ ದಾಟುವುದರೊಳಗೆ ತೊಂದರೆ ಬಗೆಹರಿದಿದ್ದರಿಂದ ಸಾಲು ನಿಲ್ಲಲಿಲ್ಲ. ಬಗೆಹರಿಯದಿದ್ದರೆ ಆ ಭಾಗದ ಸಾಲು ಪೂರ್ತಿ ನಿಲ್ಲುತ್ತಿತ್ತು.

"ಬೈದ್ರಾ ಅವನಿಗೆ?" ಎಂದು ಪಿಸುಗುಟ್ಟಿದೆ.

ಗೆಳೆಯರು ನಕ್ಕರು. "ಬೈಯೋದೆಲ್ಲಿ ಬಂತು ಸಾರ್. ಥ್ಯಾಂಕ್ಸ್ ಹೇಳ್ತಾರೆ. ಇಲ್ಲಿ ಹಗ್ಗ ಎಳೆದೋನನ್ನ ಯಾರೂ ಏನೂ ಅನ್ನಲ್ಲ. ಗೊತ್ತಿದ್ದೂ ಎಳೀದೆ ಸುಮ್ನಿದ್ದೋನನ್ನ ಕೂರಿಸ್ಕೊಂಡು ಕೇಳ್ತಾರೆ."

ನಾನು ಆ ಹುಡುಗನನ್ನೇ ನೋಡುತ್ತಿದ್ದೆ. ಕೋಟಿಗಟ್ಟಲೆ ಬೆಲೆಯ ಸಾಲೊಂದನ್ನು ನಿಲ್ಲಿಸುವ ಅಧಿಕಾರ ಅಲ್ಲಿನ ಅತಿ ಕಿರಿಯನ ಕೈಗೆಟುಕುವ ಎತ್ತರದಲ್ಲಿ ನೇತಾಡುತ್ತಿದೆ! ಸಾಕಿಚಿಯ ಮಗ್ಗದಲ್ಲಿ ಬೀಳುತ್ತಿದ್ದ ಲೋಹದ ಪಟ್ಟಿಯ ಕೆಲಸವನ್ನು ಇಲ್ಲಿ ಮನುಷ್ಯನ ವಿವೇಚನೆ ಮಾಡುತ್ತಿದೆ. ತೊಂದರೆಯನ್ನು ಮುಚ್ಚಿಡದೆ ಎಲ್ಲರ ತಲೆಯ ಮೇಲೆ ಬೆಳಗಿಸುವ ಧೈರ್ಯ ಕಾರ್ಖಾನೆಯ ಗೋಡೆ ಗೋಡೆಯಲ್ಲೂ ಇದೆ.

ಸಂಜೆ ನಗೋಯಾಕ್ಕೆ ಮರಳುವ ರೈಲಿನಲ್ಲಿ ಈ ಊರಿಗೂ ನಮ್ಮ ಕಚೇರಿಗಳಿಗೂ ಇರುವ ನಂಟನ್ನು ಗೆಳೆಯರಿಗೆ ವಿವರಿಸುತ್ತಾ ಕುಳಿತೆ. 1986ರಲ್ಲಿ ಹಿರೊಟಾಕಾ ತಾಕೆಯುಚಿ ಮತ್ತು ಇಕುಜಿರೊ ನೊನಾಕಾ ಎಂಬ ಇಬ್ಬರು ವಿದ್ವಾಂಸರು ಹಾರ್ವರ್ಡ್ ಬಿಸಿನೆಸ್ ರಿವ್ಯೂನಲ್ಲಿ ಒಂದು ಲೇಖನ ಬರೆದರು. ಹೋಂಡಾ, ಕ್ಯಾನನ್, ಫುಜಿ ಝೆರಾಕ್ಸ್, ಇದೇ ನಗೋಯಾದ ಬ್ರದರ್ ಮುಂತಾದ ಕಂಪನಿಗಳು ಹೊಸ ಉತ್ಪನ್ನಗಳನ್ನು ಹೇಗೆ ಅಷ್ಟು ಬೇಗ ತರುತ್ತವೆ ಎಂದು ಹುಡುಕಿ ಹೊರಟ ಲೇಖನ. ಒಬ್ಬರು ಮುಗಿಸಿ ಇನ್ನೊಬ್ಬರಿಗೆ ದಾಟಿಸುವ ರಿಲೇ ಓಟವಲ್ಲ, ರಗ್ಬಿ ತಂಡದಂತೆ ಎಲ್ಲರೂ ಒಟ್ಟಿಗೆ ಚೆಂಡನ್ನು ಮುಂದೊಯ್ಯುವ ಆಟ ಎಂದು ಅವರು ಕಂಡುಕೊಂಡರು. ಅದನ್ನು ಓದಿದ ಜೆಫ್ ಸದರ್ಲ್ಯಾಂಡ್ ಎಂಬ ಅಮೆರಿಕದ ತಂತ್ರಜ್ಞರು ಆ ವಿಧಾನವನ್ನು 1993ರಲ್ಲಿ ಈಸೆಲ್ ಕಂಪನಿಯ ಸಾಫ್ಟ್‌ವೇರ್ ತಂಡದಲ್ಲಿ ಪ್ರಯೋಗಿಸಿದರು. 1995ರಲ್ಲಿ ಕೆನ್ ಶ್ವೇಬರ್ ಜೊತೆಗೂಡಿ ಅದನ್ನು ಸ್ಕ್ರಮ್ ಎಂದು ಜಗತ್ತಿನ ಮುಂದಿಟ್ಟರು. 2001ರ ಫೆಬ್ರುವರಿಯಲ್ಲಿ ಅಮೆರಿಕದ ಯೂಟಾದ ಸ್ನೋಬರ್ಡ್ ಎಂಬ ಹಿಮದ ಬೆಟ್ಟದಲ್ಲಿ ಸೇರಿದ 17 ಜನ ಅಜೈಲ್ ಪ್ರಣಾಳಿಕೆ ಬರೆದಾಗ ಅವರಲ್ಲಿ ಈ ಇಬ್ಬರೂ ಇದ್ದರು. 2003ರಲ್ಲಿ ಮೇರಿ ಮತ್ತು ಟಾಮ್ ಪಾಪೆಂಡೀಕ್ ದಂಪತಿ ಟೊಯೊಟಾದ ಪಾಠಗಳನ್ನೇ ಸಾಫ್ಟ್‌ವೇರಿಗೆ ಅಳವಡಿಸಿ ಪುಸ್ತಕ ಬರೆದರು.

ಕಾನ್‌ಬಾನ್ ಸಾಫ್ಟ್‌ವೇರಿಗೆ ಬಂದ ದಾರಿಯಂತೂ ನಮ್ಮ ಪಕ್ಕದ ಊರಿನ ಮೂಲಕವೇ ಹಾದುಹೋಗಿದೆ. 2004-05ರಲ್ಲಿ ಮೈಕ್ರೊಸಾಫ್ಟಿನ ಒಳಬಳಕೆಯ ತಂತ್ರಾಂಶಗಳನ್ನು ನೋಡಿಕೊಳ್ಳುತ್ತಿದ್ದ ಒಂದು ತಂಡ ಹೈದರಾಬಾದಿನಲ್ಲಿ ಇತ್ತು. ಒಂದು ಸಣ್ಣ ಬದಲಾವಣೆ ಕೇಳಿದರೂ ತಿಂಗಳುಗಟ್ಟಲೆ ಕಾಯಬೇಕಿತ್ತು. ಹುಡುಗರು ಸೋಮಾರಿಗಳಾಗಿರಲಿಲ್ಲ. ಬಂದ ಪ್ರತಿ ಬೇಡಿಕೆಗೂ ಎಷ್ಟು ದಿನ ಹಿಡಿದೀತು ಎಂದು ಅಂದಾಜು ಹಾಕುವುದರಲ್ಲೇ ತಂಡದ ಶಕ್ತಿಯ ಮೂರನೆಯ ಒಂದು ಭಾಗದಷ್ಟು ಕರಗುತ್ತಿತ್ತು. ಡೇವಿಡ್ ಆಂಡರ್ಸನ್ ಎಂಬ ತಜ್ಞರ ಮಾರ್ಗದರ್ಶನದಲ್ಲಿ ಅಂದಾಜು ಹಾಕುವುದನ್ನು ಬಿಟ್ಟರು, ಒಮ್ಮೆಗೆ ಕೈಯಲ್ಲಿ ಹಿಡಿಯುವ ಕೆಲಸಕ್ಕೆ ಮಿತಿ ಹಾಕಿದರು. ತಿಂಗಳುಗಳ ಕಾಯುವಿಕೆ ವಾರಗಳಿಗೆ ಇಳಿಯಿತು.

ಇದರ ಹಿಂದಿನ ಲೆಕ್ಕ ಸರಳ. ಜಾನ್ ಲಿಟ್ಲ್ 1961ರಲ್ಲಿ ಗಣಿತದಿಂದ ಸಾಧಿಸಿ ತೋರಿಸಿದ ಸೂತ್ರ ಅದು. ತಂಡದ ಕೈಯಲ್ಲಿ 40 ಕೆಲಸ ಅರ್ಧಂಬರ್ಧ ಆಗಿ ಕುಳಿತಿವೆ, ವಾರಕ್ಕೆ ನಾಲ್ಕು ಮುಗಿಯುತ್ತವೆ ಎಂದರೆ ಒಂದು ಕೆಲಸ ಹೊರಬರಲು ಸರಾಸರಿ ಹತ್ತು ವಾರ. ಅದೇ ತಂಡ, ಅದೇ ವೇಗ, ಆದರೆ ಕೈಯಲ್ಲಿ 12 ಕೆಲಸ ಮಾತ್ರ ಎಂದರೆ ಮೂರು ವಾರ. ಯಾರೂ ರಾತ್ರಿ ಕೂರಬೇಕಿಲ್ಲ, ಯಾರಿಗೂ ಗದರಬೇಕಿಲ್ಲ. ಆದರೂ ನಮ್ಮಲ್ಲಿ ತಡವಾದಾಗ ಮಾಡುವುದೇನು? ಇನ್ನೂ ನಾಲ್ಕು ಕೆಲಸ ಹೇರಿ, ದಿನಕ್ಕೆರಡು ಸಲ ಸ್ಟೇಟಸ್ ಕೇಳುತ್ತೇವೆ.

ಬಿಡಿ ಮನುಷ್ಯರನ್ನು ಬಿಟ್ಟು ಇಡೀ ವ್ಯವಸ್ಥೆಯನ್ನು ನೋಡುವ ಈ ದೃಷ್ಟಿಯನ್ನೇ ತಿಳಿದವರು ಸಿಸ್ಟಮ್ಸ್ ಥಿಂಕಿಂಗ್ ಎನ್ನುವುದು. 1950ರಲ್ಲಿ ಜಪಾನಿಗೆ ಬಂದು ಉದ್ಯಮಿಗಳಿಗೆ ಪಾಠ ಹೇಳಿದ ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಡಬ್ಲ್ಯು. ಎಡ್ವರ್ಡ್ಸ್ ಡೆಮಿಂಗ್, ಬಹುಪಾಲು ತೊಂದರೆಗಳು ವ್ಯವಸ್ಥೆಯಿಂದ ಹುಟ್ಟುತ್ತವೆ, ಅವನ್ನು ಸರಿಪಡಿಸುವ ಹೊಣೆ ಆಡಳಿತದ್ದು ಎಂದು ಕೊನೆಯವರೆಗೂ ವಾದಿಸಿದರು. ಇದೇ ಚಿಂತನೆಯ ಇನ್ನೊಬ್ಬ ವಿದ್ವಾಂಸ ರಸೆಲ್ ಆಕಾಫ್ ಕಾರಿನದೇ ಉದಾಹರಣೆ ಕೊಡುತ್ತಿದ್ದರು: ಜಗತ್ತಿನ ಬೇರೆ ಬೇರೆ ಕಾರುಗಳಿಂದ ಅತ್ಯುತ್ತಮ ಎಂಜಿನ್, ಅತ್ಯುತ್ತಮ ಬ್ರೇಕ್, ಅತ್ಯುತ್ತಮ ಗೇರ್‌ಬಾಕ್ಸ್ ಆರಿಸಿ ತಂದರೆ ಅತ್ಯುತ್ತಮ ಕಾರು ಆಗುವುದಿಲ್ಲ, ಕಾರೇ ಆಗುವುದಿಲ್ಲ. ನಮ್ಮ ಕಚೇರಿಗಳಲ್ಲೂ ಹಾಗೇ. ಡೆವಲಪರ್‌ಗಳ ವೇಗ ಹೆಚ್ಚಿಸಿದರೆ ಟೆಸ್ಟಿಂಗ್ ಮುಂದೆ ಕೆಲಸ ರಾಶಿ ಬೀಳುತ್ತದೆ. ಟೆಸ್ಟರ್‌ಗಳನ್ನು ಸೇರಿಸಿದರೆ ರಾಶಿ ರಿಲೀಸ್ ಅನುಮತಿ ಕೊಡುವವರ ಮೇಜಿನ ಮುಂದೆ ಹೋಗಿ ನಿಲ್ಲುತ್ತದೆ. ಪ್ರತಿ ವಿಭಾಗದ ವರದಿಯೂ ಹಸಿರು, ಗ್ರಾಹಕನಿಗೆ ಮಾತ್ರ ಕೆಲಸ ತಲುಪಿಲ್ಲ.

ನನ್ನನ್ನು ಬಹಳ ಕಾಡಿದ ಕಥೆ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನದು. ಅಲ್ಲಿ ಜನರಲ್ ಮೋಟಾರ್ಸ್‌ನ ಒಂದು ಕಾರ್ಖಾನೆ ಗೈರುಹಾಜರಿಗೆ, ಜಗಳಕ್ಕೆ, ಕಳಪೆ ಕಾರುಗಳಿಗೆ ಕುಖ್ಯಾತವಾಗಿ 1982ರಲ್ಲಿ ಮುಚ್ಚಿತು. 1984ರಲ್ಲಿ ಟೊಯೊಟಾ ಜೊತೆ ಸೇರಿ ನುಮ್ಮಿ ಎಂಬ ಹೆಸರಿನಲ್ಲಿ ಮತ್ತೆ ತೆರೆದಾಗ ತೆಗೆದುಕೊಂಡದ್ದು ಬಹುಪಾಲು ಅದೇ ಹಳೆಯ ಕೆಲಸಗಾರರನ್ನು. ಅದೇ ಕಾರ್ಮಿಕ ಸಂಘ, ಅದೇ ಕಟ್ಟಡ. ಬದಲಾದದ್ದು ವ್ಯವಸ್ಥೆ. ಕೆಲಸಗಾರರ ಗುಂಪುಗಳನ್ನು ತರಬೇತಿಗೆ ಕಳಿಸಿದ್ದು ಇದೇ ಟೊಯೊಟಾ ನಗರದ ತಕಾಒಕಾ ಕಾರ್ಖಾನೆಗೆ. ಹಗ್ಗ ಎಳೆಯುವ ಅಧಿಕಾರ ಅವರ ಕೈಗೆ ಬಂದಿತು. ಸ್ವಲ್ಪ ಕಾಲದಲ್ಲೇ ಅಲ್ಲಿಂದ ಬಂದ ಕಾರುಗಳು ಜಪಾನಿನ ಕಾರುಗಳಿಗೆ ಸರಿಸಾಟಿಯಾದವು. ಕೆಟ್ಟ ಜನ ಎನಿಸಿಕೊಂಡವರು ಒಳ್ಳೆಯ ಜನರಾದದ್ದು ಹೇಗೆ? ಅವರು ಮೊದಲಿನಿಂದಲೂ ಒಳ್ಳೆಯವರೇ.

ಆದರೆ ಜನರಲ್ ಮೋಟಾರ್ಸ್ ತನ್ನ ಬೇರೆ ಕಾರ್ಖಾನೆಗಳಿಗೆ ಇದನ್ನು ಹರಡಲು ಬಹಳ ಕಷ್ಟಪಟ್ಟಿತು. ಹಗ್ಗ ಕಟ್ಟುವುದು ಸುಲಭ. ಎಳೆದರೆ ಕೆಲಸ ಹೋಗುವುದಿಲ್ಲ ಎಂಬ ನಂಬಿಕೆ ಕಟ್ಟುವುದು ಕಷ್ಟ. ಟೊಯೊಟಾಕ್ಕೂ ಆ ನಂಬಿಕೆ ಪುಕ್ಕಟೆ ಸಿಕ್ಕಿದ್ದಲ್ಲ. 1950ರಲ್ಲಿ ದಿವಾಳಿಯ ಅಂಚಿಗೆ ಬಂದು, ಕೆಲಸಗಾರರನ್ನು ತೆಗೆಯಬೇಕಾಗಿ ಬಂದು, ಮುಷ್ಕರ ನಡೆದು, ಕೊನೆಗೆ ಕಿಯಿಚಿರೊ ಸ್ವತಃ ರಾಜೀನಾಮೆ ಕೊಟ್ಟರು. ಆ ಬೆಂಕಿಯಿಂದ ಎದ್ದು ಬಂದ ಮೇಲೆಯೇ ಕಂಪನಿ ಮತ್ತು ಕೆಲಸಗಾರರ ನಡುವೆ ಹೊಸ ಒಡಂಬಡಿಕೆ ಬೆಳೆದದ್ದು. ಈ ಪದ್ಧತಿಗೆ ಕತ್ತಲ ಮುಖವೂ ಉಂಟು. ಪತ್ರಕರ್ತ ಸಾತೊಶಿ ಕಮಾತಾ ಟೊಯೊಟಾದಲ್ಲಿ ಹಂಗಾಮಿ ಕೆಲಸಗಾರನಾಗಿ ದುಡಿದು, ಸಾಲಿನ ವೇಗ ಮನುಷ್ಯನನ್ನು ಹೇಗೆ ಹಿಂಡುತ್ತದೆ ಎಂದು 1973ರಲ್ಲೇ ಪುಸ್ತಕ ಬರೆದರು. ನಮ್ಮ ಬಿಡದಿಯಲ್ಲಿ 1997ರಲ್ಲಿ ಸ್ಥಾಪನೆಯಾದ ಟೊಯೊಟಾ ಕಿರ್ಲೋಸ್ಕರ್‌ನಲ್ಲೂ 2020ರ ನವೆಂಬರಿನಲ್ಲಿ ಮುಷ್ಕರ, ಲಾಕೌಟ್ ಆದಾಗ ಕಾರ್ಮಿಕರ ದೂರುಗಳಲ್ಲಿ ಕೆಲಸದ ಒತ್ತಡ ಮುಖ್ಯವಾಗಿತ್ತು. ಪದ್ಧತಿ ಯಾವುದೇ ಇರಲಿ, ನಂಬಿಕೆ ಸಡಿಲಗೊಂಡ ಕಡೆ ಅದು ಬರಿಯ ಗಡಿಯಾರವಾಗುತ್ತದೆ.

ನಗೋಯಾದಿಂದ ನನಗೆ ದೊರೆತ ಖಚಿತವಾದ ತಿಳಿವಳಿಕೆ ಇದು: ನಮ್ಮ ಕಚೇರಿಗಳು ಬೋರ್ಡನ್ನು ತಂದುಕೊಂಡಿವೆ, ಚೀಟಿಯನ್ನು ತಂದುಕೊಂಡಿವೆ, ಹಗ್ಗವನ್ನು ಮಾತ್ರ ತಂದಿಲ್ಲ. ಸ್ಪ್ರಿಂಟಿನ ನಡುವೆ ಒಬ್ಬ ಹೊಸ ಹುಡುಗಿ "ಈ ವಿನ್ಯಾಸದಲ್ಲಿ ತಪ್ಪಿದೆ, ನಿಲ್ಲಿಸೋಣ" ಎಂದರೆ ಅವಳಿಗೆ ಧನ್ಯವಾದ ಹೇಳುವ ಕಚೇರಿಯೇ ಅಜೈಲ್ ಕಚೇರಿ. ಉಳಿದದ್ದೆಲ್ಲ ವೇಳಾಪಟ್ಟಿ.

ತಂಡ ನಡೆಸುವವರಲ್ಲಿ ನನ್ನದೊಂದು ಕೋರಿಕೆ. ನಾಳೆ ಕಚೇರಿಗೆ ಹೋದಾಗ ಎರಡು ಪ್ರಶ್ನೆ ಕೇಳಿಕೊಳ್ಳಿ. ನಮ್ಮಲ್ಲಿ ಅತಿ ಕಿರಿಯರ ಕೈಗೆಟುಕುವ ಹಗ್ಗ ಯಾವುದು? ಅದನ್ನು ಕೊನೆಯ ಬಾರಿ ಎಳೆದವರಿಗೆ ನಾವು ಏನು ಹೇಳಿದೆವು? ಉತ್ತರ ಸಿಗದಿದ್ದರೆ ಹೊಸ ಟೂಲ್ ಕೊಳ್ಳಬೇಡಿ, ಹೊಸ ಸಲಹೆಗಾರರನ್ನು ಕರೆಸಬೇಡಿ. ಕೈಯಲ್ಲಿರುವ ಕೆಲಸವನ್ನು ಅರ್ಧಕ್ಕಿಳಿಸಿ, ಕೆಲಸ ನಡೆಯುವ ಜಾಗಕ್ಕೆ ಹೋಗಿ ನಿಂತು ನೋಡಿ, ತಡವಾದಾಗ "ಯಾರು" ಎಂದು ಕೇಳುವ ಮೊದಲು "ಏಕೆ" ಎಂದು ಕೇಳಿ. ಜಪಾನಿಗೆ ಹೋಗುವ ಯೋಗ ಬಂದರೆ ನಗೋಯಾದಲ್ಲಿ ಇಳಿಯಿರಿ. ಸಾಕೊ ನಿಲ್ದಾಣದ ಹತ್ತಿರದ ಆ ಮ್ಯೂಸಿಯಂಗೆ ಸೋಮವಾರ ರಜೆ, ಉಳಿದ ದಿನಗಳಲ್ಲಿ ಮಗ್ಗ ಓಡಿಸಿ ತೋರಿಸುತ್ತಾರೆ.